ದರ್ಜಿಯಕ್ಕನ ಎರಡು ಬೆರಳು

ಸಂಶೋಧನಾ ಕೇಂದ್ರದ ಹಿಂಭಾಗದಲ್ಲಿ, ಮೇವಿನ ಗೋದಾಮಿಗೂ ಆಡಿನ ಕೊಟ್ಟಿಗೆಗೂ ನಡುವೆ, ಒಂದು ಉದ್ದನೆಯ ಕೋಣೆಯಿದೆ. ಒಳಗೆ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ಕಿಟಕಿಯ ಕೆಳಗೆ ಕತ್ತರಿಸುವ ಮೇಜು, ಗೋಡೆಗೆ ಸಾಲಾಗಿ ಹದಿನಾಲ್ಕು ಮೊಳೆ. ಮೊಳೆಗೊಂದರಂತೆ ರಟ್ಟಿನ ಮಾದರಿಗಳು ತೂಗುತ್ತವೆ. ಎಡತುದಿಯ ರಟ್ಟು ಮಗುವಿನ ಅಂಗಿಯಷ್ಟು ದೊಡ್ಡದು. ಬಲಕ್ಕೆ ಹೋದ ಹಾಗೆ ಸಣ್ಣದಾಗುತ್ತ, ಕೊನೆಯದು ಕೈಗಡಿಯಾರದ ಪಟ್ಟಿಗಿಂತ ಚೂರು ಅಗಲ. ಪ್ರಾಣಿಗಳ ಮೈಗೆ ಯಂತ್ರ ಕಟ್ಟಿ ಅವುಗಳ ಸಮಾಚಾರ ತಿಳಿಯುವ ಕೆಲಸ ಇಲ್ಲಿ ಹೇಗೆ ಬೆಳೆಯಿತು ಎಂದು ಕೇಳಿಕೊಂಡು ಬರುವವರಿಗೆ ಕಚೇರಿಯಲ್ಲಿ ಒಂದು ಪುಸ್ತಿಕೆ ಕೊಡುತ್ತಾರೆ. ಪುಸ್ತಿಕೆಗಿಂತ ಈ ಗೋಡೆ ವಾಸಿ. ಹದಿನಾಲ್ಕೂ ಮಾದರಿಗಳನ್ನು ಕತ್ತರಿಸಿದ್ದು ಒಂದೇ ಕೈ, ದರ್ಜಿಯಕ್ಕನದು.

ಮೂವತ್ತೊಂದು ವರ್ಷದ ಹಿಂದೆ ಅವಳು ಪೇಟೆಯ ಒಂದು ಅಂಗಡಿಯಲ್ಲಿ ಶಾಲೆಯ ಚೀಲ ಹೊಲಿಯುತ್ತಿದ್ದಳು. ವಯಸ್ಸು ಇಪ್ಪತ್ತಾರು. ಒಂದು ಬೆಳಿಗ್ಗೆ, ಕೇಂದ್ರವನ್ನು ಕಟ್ಟಿದ ದೊಡ್ಡ ಡಾಕ್ಟರು ಇಟ್ಟಿಗೆಯಂಥ ಒಂದು ಡಬ್ಬಿ ಹಿಡಿದು ಅಂಗಡಿಗೆ ಬಂದರು. ಡಬ್ಬಿಯ ತಲೆಯಿಂದ ಒಂದು ಮೊಳ ತಂತಿ ಎದ್ದು ನಿಂತಿತ್ತು.

"ಇದಕ್ಕೊಂದು ಚೀಲ ಆಗ್ಬೇಕಲ್ಲ ತಾಯಿ."

"ಹೆಗಲಿಗಾ, ಕೈಗಾ?"

"ಹಾಕ್ಕೊಳ್ಳೋರಿಗೆ ಕೈಯಿಲ್ಲ. ಕಾಲು ನಾಲ್ಕಿದೆ."

"ಹಾಗಾದ್ರೆ ಅವರನ್ನೇ ಕರ್ಕೊಂಡು ಬನ್ನಿ. ಅಳತೆ ತಗೊಳ್ಳದೆ ನಾನು ಕತ್ತರಿ ಇಡಲ್ಲ."

ಅವಳು ತಮಾಷೆಗೆ ಹೇಳಿದ್ದು. ಮರುದಿನ ಡಾಕ್ಟರು ನಿಜಕ್ಕೂ ಒಂದು ಆಡು ಹೊಡೆದುಕೊಂಡು ಬಂದರು. ಅವಳು ಎದೆಸುತ್ತು ಅಳೆದು ಮುಗಿಸುವಷ್ಟರಲ್ಲಿ ಅದು ಎರಡು ಚೀಲದ ಹಿಡಿಕೆಯನ್ನೂ ರಸೀದಿ ಪುಸ್ತಕದ ಅರ್ಧವನ್ನೂ ಮುಗಿಸಿತ್ತು. ಅಂಗಡಿಯವನು ಕೈ ಮುಗಿದು, "ನೀವೂ ಅದರ ಜತೆಗೇ ಹೊರಟುಬಿಡಿ" ಎಂದ. ಅವಳು ಹೊರಟಳು. ತಿರುಗಿ ಬರಲಿಲ್ಲ.

ಡಾಕ್ಟರ ಲೆಕ್ಕ ಬಿಗಿ. ಪ್ರಾಣಿ ಹೊರುವ ಭಾರ ಅದರ ತೂಕದ ಐವತ್ತರಲ್ಲಿ ಒಂದು ಪಾಲು ಮೀರಬಾರದು. ಆಡು ನಲವತ್ತೈದು ಕಿಲೋ. ಒಂಬೈನೂರು ಗ್ರಾಂ ಹೊರಬಹುದು. ಡಬ್ಬಿಯೇ ಎಂಟುನೂರು ಗ್ರಾಂ ತಿಂದಿತ್ತು. "ನಿಮ್ಮ ಪಾಲಿಗೆ ನೂರು ಗ್ರಾಂ. ಬಟ್ಟೆ, ದಾರ, ಬಕಲ್ ಎಲ್ಲ ಅದರಲ್ಲೇ." ಅವಳು ತೊಂಬತ್ತಾರರಲ್ಲಿ ಮುಗಿಸಿದಳು. ಆ ಅಂಗಿ ತೊಟ್ಟು ಆಡು ಗುಡ್ಡದ ಮೇಲೆ ಮೇಯುತ್ತಿದ್ದರೆ, ಡಾಕ್ಟರು ಮೀನಿನ ಮುಳ್ಳಿನಂಥ ಅಂಟೆನಾ ಎತ್ತಿ ಹಿಡಿದು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕೆಳಗಿನಿಂದ ಅದರ ಎದೆಬಡಿತ ಎಣಿಸುತ್ತಿದ್ದರು. ಆಮೇಲೆ ಡಬ್ಬಿ ಸೋಪಿನಷ್ಟಾಯಿತು, ಬೆನ್ನಿನಿಂದ ಕತ್ತಿಗೆ ಇಳಿಯಿತು. ಚರ್ಮದ ಪಟ್ಟಿ ಮಾಡಿದರೆ ಒಂದಾಡು ಇನ್ನೊಂದರ ಪಟ್ಟಿ ಅಗಿದು ತಿಂದಿತು. ಅವಳು ಪಟ್ಟಿಗೆ ಕಹಿ ಬಳಿದಳು. ಕಹಿಯನ್ನೂ ತಿಂದವು. ಒಂಬತ್ತು ವರ್ಷದ ಹಿಂದೆ ಚರ್ಮ ಬಿಟ್ಟು ನೈಲಾನ್ ಹಿಡಿದಳು. ಅದರ ಮರುವರ್ಷ ಬೆಂಕಿಪೆಟ್ಟಿಗೆಗಿಂತ ಸಣ್ಣ ರೆಕಾರ್ಡರ್ ಬಂತು. ಅದು ಕತ್ತಿನಲ್ಲಿ ನೇತಾಡುತ್ತ ಆಡಿನ ಪ್ರತಿಯೊಂದು ಅಲುಗಾಟವನ್ನೂ ತನ್ನೊಳಗೇ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಕಂಪ್ಯೂಟರಿಗೆ ಚುಚ್ಚಿ ಓದಬೇಕು. ಅಂಟೆನಾ ಹೋಗಿ ಅಟ್ಟ ಸೇರಿತು.

ಯಂತ್ರ ಎಷ್ಟು ಬದಲಾದರೂ ಡಾಕ್ಟರು ಹಾಕಿಕೊಟ್ಟ ಎರಡು ಪಾಠ ಬದಲಾಗಲಿಲ್ಲ. ಕತ್ತಿನ ಅಳತೆ ಚೀಟಿಯಲ್ಲಿ ಬರೆಯದೆ ಪಟ್ಟಿ ಕಟ್ಟಬಾರದು. ಕಟ್ಟಿದ ಪಟ್ಟಿಯ ಕೆಳಗೆ ಎರಡು ಬೆರಳು ಮೊದಲ ಗೆಣ್ಣಿನವರೆಗೆ ಹೋಗಬೇಕು. ಹೋಗದಿದ್ದರೆ ಉಸಿರಿಗೆ ಬಿಗಿ, ಸಲೀಸಾಗಿ ಹೋದರೆ ಸಡಿಲ. ಯಾರ ಬೆರಳು ಎಂದು ಆಗ ಅವಳೇ ಕೇಳಿದ್ದಳು. ಡಾಕ್ಟರು ತಮ್ಮ ಕೈ ನೋಡಿಕೊಂಡು, "ನಂದು ಬದನೆಕಾಯಿ. ನಿಮ್ಮದೇ ಇರ್ಲಿ" ಅಂದಿದ್ದರು. ಡಾಕ್ಟರು ತೀರಿಕೊಂಡು ಹನ್ನೆರಡು ವರ್ಷವಾಯಿತು. ಕೇಂದ್ರದ ಅಳತೆ ಮಾತ್ರ ಇವತ್ತಿಗೂ ದರ್ಜಿಯಕ್ಕನ ಎರಡು ಬೆರಳೇ. ಆಡುಗಳೂ ಅವಳ ಕೈಗೆ ಬಿಟ್ಟರೆ ಬೇರೆಯವರಿಗೆ ಕತ್ತು ಕೊಡುವುದಿಲ್ಲ.

ಈಗ ಆಡುಗಳ ವಿಭಾಗದ ಯಜಮಾನಿಕೆ ಡಾಕ್ಟರಮ್ಮನದು. ಮೂವತ್ತೈದರ ಆಸುಪಾಸು, ಮಾತು ಕಡಿಮೆ, ನಡಿಗೆ ಜೋರು. ಎಂಟು ವರ್ಷದಿಂದ ಇಪ್ಪತ್ತಾರು ಆಡುಗಳ ವಿಶ್ರಾಂತಿಯನ್ನು ಅಳೆಯುವುದೇ ಅವಳ ಕೆಲಸ. ದಿನಕ್ಕೆ ಎಷ್ಟು ಗಂಟೆ ಅಲುಗಾಡದೆ ಮಲಗುತ್ತವೆ ಎಂಬುದು ಒಂದೇ ಪ್ರಶ್ನೆ. ಒಂದು ದಿನ ಅವಳು ಗ್ರಾಫ್ ಇದ್ದ ಹಾಳೆ ತಂದು ಕತ್ತರಿಸುವ ಮೇಜಿನ ಮೇಲೆ ಹರಡಿದಳು.

"ಅಕ್ಕ, ಪಟ್ಟಿ ಕಟ್ಟುವಾಗ ಇವು ಈಚೆಗೆ ಜಾಸ್ತಿ ಒದ್ದಾಡ್ತಾವಾ?"

"ಇಲ್ಲ. ಕೂಸಿನ ಹಾಗೆ ನಿಲ್ತವೆ. ಯಾಕೆ?"

"ಮೊದಲ ವರ್ಷ ಹನ್ನೊಂದು ಗಂಟೆ ಮಲಗ್ತಿದ್ದವು. ಈಗ ಒಂಬತ್ತೂವರೆ. ವರ್ಷವರ್ಷವೂ ಇಳೀತಾ ಬಂದಿದೆ, ನೋಡಿ. ಇನ್ನು ಹದಿನಾರು ದಿನಕ್ಕೆ ನಮ್ಮ ಕೆಲಸ ಪರಿಶೀಲಿಸೋ ಸಮಿತಿಯವರು ಬರ್ತಾರೆ. ಬಿಸಿಲು ಹೆಚ್ಚಾಗಿ ನೆಮ್ಮದಿ ಕೆಟ್ಟಿದೆ ಅಂತ ಬರೆದಿದ್ದೀನಿ. ಈ ಎಂಟು ವರ್ಷದ ಲೆಕ್ಕ ಒಂದೇ ನನ್ನ ಕೈಲಿರೋದು."

ದರ್ಜಿಯಕ್ಕ ಗೆರೆ ನೋಡಿದಳು. ನೆಟ್ಟಗೆ, ನಯವಾಗಿ ಇಳಿದಿತ್ತು. ಬಿಸಿಲು ಇಷ್ಟು ಶಿಸ್ತಾಗಿ ಏರುವುದನ್ನು ಅವಳು ಎಲ್ಲೂ ಕಂಡಿರಲಿಲ್ಲ. ಒಂದು ವರ್ಷ ಸುಟ್ಟರೆ ಮರುವರ್ಷ ತಂಪು. ಆದರೆ ಅದು ಓದಿದವರ ಮಾತು, ತನಗೇಕೆ ಎಂದು ಸುಮ್ಮನಾದಳು.

ಮಧ್ಯಾಹ್ನ ಕೊಟ್ಟಿಗೆ ನೋಡಿಕೊಳ್ಳುವ ಮಾವ ತನ್ನ ಹಳೆಯ ಚರ್ಮದ ಚೀಲ ತಂದ. ಅವನನ್ನು ಕೇಂದ್ರದಲ್ಲಿ ಎಲ್ಲರೂ ಮಾವ ಅನ್ನುವುದು. ಚೀಲದ ಹಿಡಿಕೆ ಕಿತ್ತುಬಂದಿತ್ತು.

"ಎರಡು ಹೊಲಿಗೆ ಹಾಕಿಕೊಡವ್ವ. ಹದಿನೇಳು ನಂಬರಿನ ಆಡು ಎಳೆದಾಡಿಬಿಡ್ತು."

"ಅದಕ್ಕೆ ನನ್ನ ಮೇಲಿರೋ ವಿಶ್ವಾಸ ನಿಮ್ಮ ಮೇಲಿಲ್ಲ, ಮಾವ."

ದಪ್ಪ ಚರ್ಮಕ್ಕೆ ಸೂಜಿ ಒತ್ತಬೇಕಾದರೆ ನಡುಬೆರಳಿಗೆ ಒಂದು ಅಗಲವಾದ ಹಿತ್ತಾಳೆ ಉಂಗುರ ಹಾಕಬೇಕು. ಚರ್ಮ ಬಿಟ್ಟ ಮೇಲೆ ಅದು ಗುಂಡಿ ಡಬ್ಬಿಯ ತಳ ಸೇರಿತ್ತು. ಅವಳು ಹುಡುಕಿ ತೆಗೆದು, ಸೆರಗಿನಲ್ಲಿ ಒರೆಸಿ, ಬೆರಳಿಗೆ ಏರಿಸಿದಳು. ಅದು ಉಗುರು ದಾಟಿ, ಮೊದಲ ಗೆಣ್ಣಿನ ಹತ್ತಿರ ಬಂದು ನಿಂತಿತು. ತಿರುಗಿಸಿ ಒತ್ತಿದಳು. ನೋಯಿತೇ ಹೊರತು ಮುಂದೆ ಹೋಗಲಿಲ್ಲ.

"ಬೆರಳು ದಪ್ಪ ಆಗಿದೆ, ಅಷ್ಟೇ. ವಯಸ್ಸಲ್ವಾ. ನನ್ನ ಮಂಡಿ ನೋಡು" ಎಂದ ಮಾವ.

ಬೆಳಗಿನ ಜೋಮು, ಗೆಣ್ಣಿನ ಊತ ಅವಳಿಗೆ ಹೊಸದಲ್ಲ. ಸಂಧಿವಾತ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು, ಮುಲಾಮು ಕೊಟ್ಟಿದ್ದರು. ಆದರೆ ಅವಳು ಮೇಜಿನ ಮೇಲಿನ ಗ್ರಾಫನ್ನು ಒಮ್ಮೆ, ಗೆಣ್ಣಿನಲ್ಲಿ ಸಿಕ್ಕಿಕೊಂಡ ಉಂಗುರವನ್ನು ಒಮ್ಮೆ ನೋಡಿದಳು.

ಮಾವನ ಚೀಲವನ್ನು ಉಂಗುರವಿಲ್ಲದೆಯೇ ಹೊಲಿದುಕೊಟ್ಟು, ಬೆರಳ ತುದಿಯಲ್ಲಿ ನಾಲ್ಕು ಚುಚ್ಚು ಹೊತ್ತುಕೊಂಡು ಮನೆಗೆ ಹೋದಳು.

ಅವಳ ಗಂಡ ಗಡಿಯಾರ ರಿಪೇರಿಯವನು. ಮುಂದಿನ ಕೋಣೆಯೇ ಅಂಗಡಿ. ಕಣ್ಣಿಗೆ ಸಿಕ್ಕಿಸಿದ ಮಸೂರ ತೆಗೆಯದೆಯೇ ಮಾತಾಡುವುದು ಅವನ ರೂಢಿ.

"ರೀ, ನಿಮ್ಮ ಆ ಅಳತೆಯ ವರ್ನಿಯರ್ ತೆಗೀರಿ. ಈ ಉಂಗುರದ ಒಳಗಿನ ಅಗಲ ನೋಡಿ ಹೇಳಿ."

"ಹದಿನಾರು ಮಿಲಿಮೀಟರ್, ಸರಿಯಾಗಿ."

"ಈಗ ಈ ಗೆಣ್ಣು."

ಅವನು ಅವಳ ಕೈ ಹಿಡಿದು ಅಳೆದ. "ಇಪ್ಪತ್ತೂವರೆ. ಮದುವೆಯಾದಾಗ ಈ ಬೆರಳು ಬೆಂಡೆಕಾಯಿ ಇದ್ದ ಹಾಗಿತ್ತಲ್ಲೇ."

"ಈಗ ಏನು?"

"ಬೆಂಡೆಕಾಯೇ. ಬೀಜಕ್ಕೆ ಬಿಟ್ಟದ್ದು."

ಬೇರೆ ದಿನವಾಗಿದ್ದರೆ ಅವಳು ತಿರುಗಿಸಿ ಒಂದು ಹೇಳುತ್ತಿದ್ದಳು. ಅವನು ಮಸೂರ ತೆಗೆದು ಅವಳ ಮುಖ ನೋಡಿದ. ಅವಳು ಹೇಳಿದಳು: ಚರ್ಮ ಹೊಲಿಯುತ್ತಿದ್ದಾಗ ಈ ಉಂಗುರ ಗೆಣ್ಣಿಗೆ ಸರಿಯಾಗಿ ಕೂರುತ್ತಿತ್ತು; ಅಲ್ಲಿಂದ ಈಚೆಗೆ ಊದಿದ್ದು ನಾಲ್ಕೂವರೆ ಮಿಲಿಮೀಟರ್. ತನ್ನ ಬೆರಳಿಗೆ ಸರಿಯಾಗಲಿ ಎಂದು ಪಟ್ಟಿಯನ್ನು ಅಷ್ಟು ಎತ್ತಿ ಕಟ್ಟಿದರೆ, ಬಕಲ್ ಹೆಚ್ಚುಕಡಿಮೆ ಒಂದು ತೂತು ಹಿಂದೆ ಬೀಳುತ್ತದೆ. ಪಟ್ಟಿ ಸಡಿಲವಾದರೆ ರೆಕಾರ್ಡರ್ ತೂಗುತ್ತದೆ. ಆಡು ಮಲಗಿ ಮೆಲುಕು ಹಾಕಿದರೂ ಸಾಕು, ಅದು ಅಲುಗಾಟ ಎಂದು ಬರೆದುಕೊಳ್ಳುತ್ತದೆ.

"ಅಂದ್ರೆ ಆಡು ನೆಮ್ಮದಿಯಾಗೇ ಮಲಗಿದೆ. ಒದ್ದಾಡ್ತಿರೋದು ಡಬ್ಬಿ."

"ಹಾಗೆ ಅನ್ಸುತ್ತೆ. ಗೊತ್ತಿಲ್ಲ. ಗೊತ್ತು ಮಾಡ್ಕೋಬೇಕು."

"ಹೇಳದೆ ಇದ್ದರೆ ಯಾರಿಗೆ ತಿಳಿಯುತ್ತೆ?" ಅವನು ಕೇಳಿದ್ದು ಪರೀಕ್ಷೆ ಮಾಡಲಿಕ್ಕಲ್ಲ; ಮೂವತ್ತೊಂದು ವರ್ಷ ದುಡಿದು ಹೆಂಡತಿ ಗಳಿಸಿದ ಹೆಸರಿನ ಮೇಲೆ ಅವನಿಗೂ ಆಸೆಯಿತ್ತು.

"ನನಗೆ ತಿಳಿದಾಯ್ತಲ್ಲ" ಎಂದಳು.

ಹೊಸ ಮಾದರಿ ಮಾಡಿದಾಗಲೆಲ್ಲ ದರ್ಜಿಯಕ್ಕ ಅದನ್ನು ಒಂದು ದಿನ ತಾನೇ ತೊಟ್ಟು ನೋಡುತ್ತಿದ್ದಳು. ತಾನು ಸಹಿಸದ್ದನ್ನು ಬಾಯಿಲ್ಲದ ಜೀವಕ್ಕೆ ಕಟ್ಟಲಾರೆ ಎಂಬ ಹಟ. ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಕೋಣೆಗೆ ಬಂದಾಗ, ದರ್ಜಿಯಕ್ಕ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಕತ್ತಿಗೆ ಆಡಿನ ಪಟ್ಟಿ ಬಿಗಿದುಕೊಂಡು, ಒಣಗಿದ ಬ್ರೆಡ್ ಅಗಿಯುತ್ತ ಕೂತಿದ್ದಳು. ಎದುರಿಗೆ ಮಾವ ಗಡಿಯಾರ ಹಿಡಿದು ನಿಂತಿದ್ದ.

"ಇದೇನು ಅಕ್ಕ!"

ಅವಳು ಕೈಯೆತ್ತಿ ತಡೆದಳು. ಮಾವನೇ ಹೇಳಿದ: "ಮಾತಾಡ್ಸಬೇಡಿ ಡಾಕ್ಟರಮ್ಮ. ಇನ್ನೂ ನಾಲ್ಕು ನಿಮಿಷ ಮೆಲುಕು ಬಾಕಿ ಇದೆ. ಈಗಾಗ್ಲೇ ಎಂಟು ಚೂರು ಮುಗೀತು."

ಹತ್ತು ನಿಮಿಷ ಪಟ್ಟಿ ಹಳೆಯ ಅಳತೆಗೆ, ಉಂಗುರದ ಹದಿನಾರು ಮಿಲಿಮೀಟರಿಗೆ. ಆಮೇಲೆ ಹತ್ತು ನಿಮಿಷ ಒಂದು ತೂತು ಸಡಿಲ. ಅದೇ ಕುರ್ಚಿ, ಅದೇ ಬ್ರೆಡ್. ಪಟ್ಟಿ ಬಿಚ್ಚಿ ಕೈಗೆ ಕೊಟ್ಟು, ಗಂಟಲಿಗೆ ಒಂದು ಲೋಟ ನೀರು ಸುರಿದುಕೊಂಡು ದರ್ಜಿಯಕ್ಕ ಹೇಳಿದಳು: "ಇದನ್ನ ಕಂಪ್ಯೂಟರಿಗೆ ಹಾಕಿ ಓದಿ. ಆಮೇಲೆ ಬೈಯಿರಿ."

ಓದಿದರು. ಮೊದಲ ಹತ್ತು ನಿಮಿಷದಲ್ಲಿ ನಲವತ್ತೊಂದು ಅಲುಗಾಟ. ಎರಡನೆಯದರಲ್ಲಿ ನೂರ ಎಪ್ಪತ್ತಮೂರು.

ಡಾಕ್ಟರಮ್ಮ ಸಂಖ್ಯೆಗಳನ್ನು ನೋಡುತ್ತಲೇ ನಿಂತಳು. ದರ್ಜಿಯಕ್ಕ ಉಂಗುರವನ್ನು ಮೇಜಿನ ಮೇಲಿಟ್ಟು, ಬೆರಳು ಚಾಚಿ, ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಮಾತನ್ನು ನಯ ಮಾಡಲಿಲ್ಲ.

"ಅಂದ್ರೆ ಎಂಟು ವರ್ಷ..." ಡಾಕ್ಟರಮ್ಮ ಕೂತುಬಿಟ್ಟಳು. "ಯಾವ ವರ್ಷ ಎಷ್ಟು ಸಡಿಲ ಇತ್ತು ಅಂತ ಈಗ ಯಾರಿಗೆ ಗೊತ್ತು? ಎಲ್ಲ ಕಸದ ಬುಟ್ಟಿಗೆ, ಅಕ್ಕ."

"ಬುಟ್ಟಿಗೆ ಯಾಕೆ? ಪಟ್ಟಿಗಳಿವೆಯಲ್ಲ."

"ಯಾವ ಪಟ್ಟಿ?"

"ಹಳೇ ಪಟ್ಟಿ, ಹೋದ ತಿಂಗಳು ಬಿಚ್ಚಿದವೂ ಸೇರಿ. ಬಕಲ್ ಬಿಚ್ಚಿಕೊಂಡರಾಯ್ತು ಅಂತ ಎತ್ತಿಟ್ಟಿದ್ದೆ. ಮನೇಲಿ ಮಂಚದ ಕೆಳಗಿನ ಟ್ರಂಕಲ್ಲಿವೆ. ನಮ್ಮನೆಯವರು ಹತ್ತು ಸಲ ಎಸೆ ಎಸೆ ಅಂದರು."

ಅಂದೇ ಸಂಜೆ ಕೇಂದ್ರದ ವ್ಯಾನಿನಲ್ಲಿ ಟ್ರಂಕು ಬಂತು. ಅದರ ಹಿಂದೆ ಗಂಡನೂ ವರ್ನಿಯರ್ ಹಿಡಿದು ಬಂದ. ತನ್ನ ಉಪಕರಣವನ್ನು ಬೇರೆಯವರ ಕೈಗೆ ಕೊಡುವ ಜಾಯಮಾನ ಅವನದಲ್ಲ.

ವರ್ಷಕ್ಕೊಮ್ಮೆ ಪಟ್ಟಿ ಬದಲಿಸುವುದು ಪದ್ಧತಿ. ಇಪ್ಪತ್ತಾರು ಆಡು, ಎಂಟು ವರ್ಷ: ಇನ್ನೂರ ಎಂಟು ಪಟ್ಟಿ ಇರಬೇಕು. ಎಣಿಸಿದರೆ ನೂರ ತೊಂಬತ್ತೇಳು.

"ಹನ್ನೊಂದು ಎಲ್ಲಿ?" ಡಾಕ್ಟರಮ್ಮ ಕೇಳಿದಳು.

"ಹದಿನೇಳು ನಂಬರಿನ ಹೊಟ್ಟೇಲಿ. ನೈಲಾನ್ ತಿನ್ನಲ್ಲ ಅಂತ ಇವಳು ಹೇಳ್ತಿದ್ದಳು. ಅದಕ್ಕೆ ಯಾರೂ ಹೇಳಿರ್ಲಿಲ್ಲ" ಎಂದ ಮಾವ.

ಒಂದೊಂದು ಪಟ್ಟಿಗೂ ಒಂದು ಚೀಟಿ ಹೊಲಿದಿತ್ತು. ಆಡಿನ ನಂಬರು, ಕಟ್ಟಿದ ತಾರೀಖು, ಅಂದಿನ ಕತ್ತಿನ ಸುತ್ತಳತೆ. ದೊಡ್ಡ ಡಾಕ್ಟರ ಪಾಠ. ತೂತುಗಳನ್ನು ದರ್ಜಿಯಕ್ಕ ಕಾದ ಮೊಳೆಯಿಂದ ಆರು ಮಿಲಿಮೀಟರಿಗೊಂದರಂತೆ ಸುಟ್ಟಿದ್ದಳು. ವರ್ಷವಿಡೀ ಬಕಲ್ಲಿನ ಮುಳ್ಳು ಎಳೆದ ತೂತು ದುಂಡಗೆ ಉಳಿದಿರಲಿಲ್ಲ, ಮೊಟ್ಟೆಯ ಆಕಾರಕ್ಕೆ ಹಿಗ್ಗಿತ್ತು. ಯಾವ ತೂತಿನಲ್ಲಿ ಕಟ್ಟಿತ್ತು ಎಂದು ಯಾರೂ ಬರೆದಿಡದಿದ್ದರೂ ಪಟ್ಟಿಯೇ ಬರೆದಿಟ್ಟುಕೊಂಡಿತ್ತು. ಹಿಗ್ಗಿದ ತೂತಿನವರೆಗೆ ಪಟ್ಟಿಯ ಉದ್ದ, ಅದರಿಂದ ಕತ್ತಿನ ಅಳತೆ ಕಳೆದರೆ ಸಡಿಲ.

ನಾಲ್ಕು ದಿನ ಹಿಡಿಯಿತು. ಗಂಡ ಅಳೆದ, ಮಾವ ನಂಬರು ಕೂಗಿದ, ಡಾಕ್ಟರಮ್ಮ ಬರೆದುಕೊಂಡಳು. ದರ್ಜಿಯಕ್ಕ ಪ್ರತಿಯೊಂದು ಪಟ್ಟಿಯನ್ನೂ ಬೆಳಕಿಗೆ ಹಿಡಿದು ಯಾವ ತೂತು ಎಂದು ಹೇಳಿದಳು. ಮೂರನೆಯ ದಿನ ಅವಳ ಬೆರಳು ಮಡಚಲಾಗಲಿಲ್ಲ. ಗಂಡ ಬಿಸಿನೀರಿನ ಬೋಗುಣಿ ತಂದು ಅವಳ ಮುಂದಿಟ್ಟ. ಅವಳು ಎಡಗೈ ಅದರಲ್ಲಿ ಅದ್ದಿ, ಬಲಗೈಯಲ್ಲಿ ಪಟ್ಟಿ ಹಿಡಿದಳು. ಆಮೇಲೆ ಕೈ ಬದಲಿಸಿದಳು.

"ನಾಳೆ ಮಾಡೋಣ, ಅಕ್ಕ" ಎಂದಳು ಡಾಕ್ಟರಮ್ಮ.

"ನಾಳೆ ಐವತ್ತಾರು ಇವೆ. ಇವತ್ತಿನ ಒಂಬತ್ತು ಇವತ್ತೇ ಮುಗೀಲಿ."

ಮೊದಲ ವರ್ಷದ ಪಟ್ಟಿಗಳು ಸರಾಸರಿ ಹದಿನೈದು ಮಿಲಿಮೀಟರ್ ಸಡಿಲ ಇದ್ದವು. ಎಂಟನೆಯ ವರ್ಷದವು ಇಪ್ಪತ್ತೊಂದು. ನಡುವಿನ ವರ್ಷಗಳು ಮೆಟ್ಟಿಲು ಮೆಟ್ಟಿಲಾಗಿ ಏರಿದ್ದವು. ಗೆಣ್ಣು ಊದಿದ ಹಾಗೆಲ್ಲ ವರ್ಷಕ್ಕೆ ಮೂರೋ ನಾಲ್ಕೋ ಆಡು ಒಂದು ತೂತು ಹಿಂದಕ್ಕೆ ಸರಿದಿದ್ದವು. ಡಾಕ್ಟರಮ್ಮ ಇದನ್ನು ಗ್ರಾಫಿನ ಪಕ್ಕದಲ್ಲಿ ಬರೆದಾಗ ಒಂದು ಗೆರೆ ಏರಿದಷ್ಟೇ ಇನ್ನೊಂದು ಇಳಿದಿತ್ತು. ದರ್ಜಿಯಕ್ಕ ಹತ್ತಿರ ಹೋಗಿ ನೋಡಿದಳು. ತನ್ನ ಕೈ ಹೀಗೆ ಮುದಿಯಾದದ್ದನ್ನು ಇಷ್ಟು ಕರಾರುವಾಕ್ಕಾಗಿ ಬೇರೆ ಯಾರೂ ಬರೆದಿಟ್ಟಿರಲಾರರು ಎಂದುಕೊಂಡಳು.

ಇನ್ನೊಂದು ಕೆಲಸ ಉಳಿದಿತ್ತು: ಒಂದು ತೂತಿನ ಸಡಿಲಕ್ಕೆ ನಿಜವಾದ ಆಡಿನಲ್ಲಿ ಎಷ್ಟು ನಿಮಿಷ ಕಳೆದುಹೋಗುತ್ತದೆ? ಗಂಡ ಹಳೆಯ ಗೋಡೆ ಗಡಿಯಾರದ ಹಿತ್ತಾಳೆಯಿಂದ ಒಂದು ತುಂಡು ಕತ್ತರಿಸಿ, ಅರದಿಂದ ಉಜ್ಜಿ, ಹದಿನಾರು ಮಿಲಿಮೀಟರ್ ದಪ್ಪಕ್ಕೆ ತಂದ. ಬೆರಳಿನ ಬದಲು ಇನ್ನು ಪಟ್ಟಿಯ ಕೆಳಗೆ ಅದು ತೂರಬೇಕು. ಹದಿಮೂರು ಆಡಿಗೆ ಹಿತ್ತಾಳೆಯ ಅಳತೆ, ಹದಿಮೂರಕ್ಕೆ ಒಂದು ತೂತು ಸಡಿಲ; ನಾಲ್ಕು ದಿನದ ಮೇಲೆ ಅದಲುಬದಲು. ಇದು ದರ್ಜಿಯಕ್ಕನದೇ ಯೋಚನೆ. ಡಾಕ್ಟರಮ್ಮ ತಲೆಯಾಡಿಸಿ, "ನಾನೂ ಹೀಗೇ ಮಾಡ್ತಿದ್ದೆ" ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಆದರೆ ಕಟ್ಟುವಾಗ ದರ್ಜಿಯಕ್ಕ ಹಿತ್ತಾಳೆ ತುಂಡನ್ನು ಡಾಕ್ಟರಮ್ಮನ ಕೈಗಿಟ್ಟಳು.

"ನೀವು ಕಟ್ಟಿ."

"ನನಗೆ ಇವು ನಿಲ್ಲಲ್ಲ, ಅಕ್ಕ."

"ನಿಲ್ಲಬೇಕು. ಒಂದೇ ಕೈಯನ್ನ ನಂಬಿದ್ದಕ್ಕೇ ಅಲ್ವಾ ಇಷ್ಟೆಲ್ಲ ಆದದ್ದು. ಮಾವ ಕಟ್ಟಲಿ, ನೀವು ಕಟ್ಟಿ, ನಾಳೆ ಬರೋರೂ ಕಟ್ಟಲಿ. ಅಳತೆ ಬದಲಾಗಬಾರದು."

ಹದಿನೇಳು ನಂಬರಿನ ಆಡು ಡಾಕ್ಟರಮ್ಮನನ್ನು ಎರಡು ಸಲ ಗುಮ್ಮಿತು. ಅವಳ ಪೆನ್ನನ್ನು ಜೇಬಿನಿಂದ ಕಿತ್ತು ಅಗಿಯಿತು. ದರ್ಜಿಯಕ್ಕ ಕಂಬಕ್ಕೊರಗಿ, ಕೈ ಕಟ್ಟಿಕೊಂಡು, "ಕಿವಿಯ ಹಿಂದೆ ಕೆರೀರಿ. ಹಾಗಲ್ಲ, ಉಗುರಲ್ಲಿ" ಎಂದು ದೂರದಿಂದಲೇ ಹೇಳಿದಳು. ಮುಂದೆ ಹೋಗಬೇಕು ಅನ್ನಿಸಿತು, ಹೋಗಲಿಲ್ಲ. ಅವಳಿಗೆ ಈ ಹದಿನಾರು ದಿನದಲ್ಲಿ ಕಷ್ಟವಾದದ್ದು ಅದೊಂದೇ. ಒಂದು ಗಂಟೆಯಲ್ಲಿ ಡಾಕ್ಟರಮ್ಮ ನಾಲ್ಕು ಆಡಿಗೆ ಕಟ್ಟಿದಳು. ಸಂಜೆಯ ಹೊತ್ತಿಗೆ ಇಪ್ಪತ್ತಾರೂ ಮುಗಿದವು.

ಉತ್ತರ ಬಂತು. ಒಂದು ತೂತು ಸಡಿಲವಾದರೆ ದಿನದ ವಿಶ್ರಾಂತಿ ಒಂದು ಗಂಟೆ ಹದಿನೆಂಟು ನಿಮಿಷ ಕಡಿಮೆ ಕಾಣುತ್ತದೆ. ಎಂಟು ವರ್ಷದಲ್ಲಿ ಇಳಿದದ್ದು ಒಂದೂವರೆ ಗಂಟೆ. ಕಳೆದರೆ ಉಳಿದದ್ದು ಹನ್ನೆರಡು ನಿಮಿಷ. ಆ ಹನ್ನೆರಡು ನಿಮಿಷವೂ ಕೊನೆಯ ಎರಡು ಬೇಸಿಗೆಗಳಲ್ಲೇ ಗುಂಪಾಗಿ ಕೂತಿತ್ತು.

"ಸಣ್ಣದಾಯ್ತಲ್ಲ" ಎಂದ ಗಂಡ, ಡಾಕ್ಟರಮ್ಮನ ಮುಖ ನೋಡುತ್ತ.

"ಸಣ್ಣದು. ಆದರೆ ಇದು ಆಡಿನದೇ" ಎಂದಳು ಅವಳು. ಬಹಳ ದಿನದ ಮೇಲೆ ನಕ್ಕಳು.

ಸಮಿತಿಯ ಮೂವರು ಬರುವ ದಿನ ಬಂತು. ಅವರಿಗೆ ಕೊಡುವ ವರದಿಯ ಕೊನೆಯ ಪ್ರತಿಯನ್ನು ಡಾಕ್ಟರಮ್ಮ ಅಂದು ಬೆಳಿಗ್ಗೆ ಹೊಲಿಗೆ ಕೋಣೆಗೆ ತಂದು, ಅಳತೆಯ ವಿಧಾನ ಎಂಬ ಪುಟ ತೆರೆದು ತೋರಿಸಿದಳು. ಅಲ್ಲಿ ಬರೆದಿತ್ತು: ಪಟ್ಟಿಯ ಕೆಳಗಿನ ಅಂತರ ಹದಿನಾರು ಮಿಲಿಮೀಟರ್, ಹಿತ್ತಾಳೆಯ ಅಳತೆಗೋಲಿನಿಂದ; ಮೊದಲ ಎಂಟು ವರ್ಷ, ಕೇಂದ್ರದ ದರ್ಜಿಯ ಎರಡು ಬೆರಳಿನಿಂದ.

"ಇದನ್ನ ತೆಗೀರಿ ಅಂತ ನಿರ್ದೇಶಕರು ಅಂದರು. ನಗ್ತಾರಂತೆ. ನಾನು ತೆಗೀಲಿಲ್ಲ. ನಿಮಗೆ ಬೇಜಾರಾಗೋದಾದರೆ ಮಾತ್ರ ತೆಗೀತೀನಿ, ಅಕ್ಕ."

ದರ್ಜಿಯಕ್ಕ ಆ ಸಾಲನ್ನು ಎರಡು ಸಲ ಓದಿದಳು. ಹಿತ್ತಾಳೆ ಉಂಗುರವನ್ನು ಗೋಡೆಯ ಹದಿನೈದನೆಯ ಮೊಳೆಗೆ ನೇತುಹಾಕಿದ್ದಳು. ಅದಕ್ಕಾಗಿಯೇ ಹಿಂದಿನ ದಿನ ಹೊಸ ಮೊಳೆ ಹೊಡೆದಿದ್ದಳು. ಅದನ್ನು ಒಮ್ಮೆ ನೋಡಿ, ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಡಾಕ್ಟರಮ್ಮನ ಮುಂದೆ ಹಿಡಿದಳು.

"ತೆಗೀಬೇಡಿ. ಆದರೆ ಇದು ಅರ್ಧಂಬರ್ಧ ಆಯ್ತು. ಬರೀ ಎರಡು ಬೆರಳು ಅಂದರೆ ಹೇಗೆ? ಯಾವ ವರ್ಷದ ಬೆರಳು ಎಷ್ಟು ದಪ್ಪ ಇತ್ತು ಅಂತ ಪಟ್ಟಿಗಳ ಲೆಕ್ಕದಿಂದ ತೆಗೆದು ಪಕ್ಕದಲ್ಲೇ ಬರೀರಿ. ಎಂಟೇ ಸಂಖ್ಯೆ. ಅವರು ಬರೋಕೆ ಇನ್ನೂ ಒಂದು ಗಂಟೆ ಇದೆ."

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತಳು. ದರ್ಜಿಯಕ್ಕ ಮೊದಲ ವರ್ಷದ ಪಟ್ಟಿಗಳ ಕಟ್ಟು ಬಿಚ್ಚಿದಳು.